ಲೆಕ್ಕ ಬರುತ್ತದೆ, ಗಣಿತ ಬರುವುದಿಲ್ಲ ಅನ್ನುವ ಮಕ್ಕಳಿಗೆ

ಪ್ರಶ್ನೆ: ಹುಬ್ಬಳ್ಳಿಯ ಒಂದು ಸಂಜೆ ಕೇಂದ್ರದಲ್ಲಿ ಗಣಿತ ಹೇಳಿಕೊಡುತ್ತೇನೆ. ಹನ್ನೊಂದು ಮಕ್ಕಳಿದ್ದಾರೆ, ವಯಸ್ಸು 14ರಿಂದ 17. ಎಲ್ಲರೂ ಆರು, ಏಳು, ಎಂಟನೇ ತರಗತಿಗೆ ಶಾಲೆ ಬಿಟ್ಟವರು. ಇಬ್ಬರು ಕಾಯಿಪಲ್ಲೆ ಮಾರುತ್ತಾರೆ, ಒಬ್ಬ ಗ್ಯಾರೇಜಿಗೆ ಹೋಗುತ್ತಾನೆ, ಒಬ್ಬಳು ಖಾನಾವಳಿಯಲ್ಲಿ ಅಮ್ಮನ ಜೊತೆ ರೊಟ್ಟಿ ಬಡಿಯುತ್ತಾಳೆ. ಎನ್‌ಐಒಎಸ್ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆಗೆ ಕೂರಿಸಬೇಕು ಎಂದಿದೆ. ಮೊದಲ ದಿನ ಯಾರಿಗೆ ಎಷ್ಟು ಬರುತ್ತದೆ ನೋಡೋಣ ಅಂತ 30 ಲೆಕ್ಕದ ಪರೀಕ್ಷೆ ಕೊಟ್ಟೆ. ಗ್ಯಾರೇಜಿನ ಹುಡುಗ ಹಾಳೆ ಹರಿದು ಎದ್ದು ಹೋದ. ಉಳಿದವರು ಬರುತ್ತಾರೆ, ಆದರೆ ತಲೆ ಬೆಂಚಿನ ಮೇಲೆ. 'ನನಗ ಇದು ತಲಿಗೆ ಹತ್ತಂಗಿಲ್ರಿ ಅಕ್ಕಾರ' ಎನ್ನುತ್ತಾರೆ. ಮಗ್ಗಿಯಿಂದ ಶುರು ಮಾಡಲೇ? ಆಟ ಆಡಿಸಲೇ? ಮೊಬೈಲಿನಲ್ಲಿ ವಿಡಿಯೋ ತೋರಿಸಲೇ? ಇಲ್ಲ, ಗಣಿತವನ್ನೇ ಬಿಟ್ಟುಬಿಡಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದರ ಉತ್ತರ ಸಣ್ಣದು. ಬಿಡಬಹುದು. ಎನ್‌ಐಒಎಸ್‌ನ ಹತ್ತನೇ ತರಗತಿಗೆ ಐದು ವಿಷಯ ಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಗಣಿತ ಕಡ್ಡಾಯವಿಲ್ಲ. ಆದರೆ ಎಲೆಕ್ಟ್ರಿಷಿಯನ್, ಫಿಟ್ಟರ್ ತರಹದ ಐಟಿಐ ಟ್ರೇಡುಗಳಿಗೆ ಹತ್ತರಲ್ಲಿ ಗಣಿತ, ವಿಜ್ಞಾನ ಓದಿರಬೇಕು. ಇಂಜಿನಿಯರಿಂಗ್ ಡಿಪ್ಲೊಮಾಕ್ಕೂ ಹಾಗೇ. ನಿಮ್ಮ ಗ್ಯಾರೇಜಿನ ಹುಡುಗನಿಗೆ ಇದು ಸಣ್ಣ ವಿಷಯವಲ್ಲ. ನಡುವಿನ ದಾರಿಯೂ ಇದೆ. ಒಮ್ಮೆ ನೋಂದಣಿಯಾದರೆ ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶ ಇರುತ್ತದೆ. ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ. ಹಾಗಾಗಿ ಬೇರೆ ನಾಲ್ಕು ವಿಷಯ ಮೊದಲು ಮುಗಿಸಿ ಗಣಿತವನ್ನು ಆಮೇಲಿನ ಸಲಕ್ಕೆ ಇಟ್ಟುಕೊಳ್ಳಬಹುದು. ಪಾಸಿಗೆ ಬೇಕಾದ್ದು ನೂರಕ್ಕೆ 33.

ಇದನ್ನೆಲ್ಲ ನೀವೊಬ್ಬರೇ ತೀರ್ಮಾನ ಮಾಡಬೇಡಿ, ಮಕ್ಕಳ ಮುಂದೆ ಇಡಿ. 'ಬೇಡ ಅಂದರೆ ಬಿಡಬಹುದು, ಬಿಟ್ಟರೆ ಇಂಥ ಬಾಗಿಲು ಮುಚ್ಚುತ್ತದೆ' ಅಂತ ನೇರವಾಗಿ ಹೇಳಿ. ನನ್ನ ಅನುಭವದಲ್ಲಿ, ಬಿಡಬಹುದು ಅಂತ ಗೊತ್ತಾದ ಮೇಲೂ ಕೂತ ಹುಡುಗರ ಕೂರುವ ರೀತಿಯೇ ಬೇರೆ.

ಈಗ ಹರಿದ ಹಾಳೆಯ ವಿಚಾರ. ಆ ಪರೀಕ್ಷೆ ಕೊಟ್ಟದ್ದಕ್ಕೆ ನಿಮ್ಮನ್ನು ಬೈಯಲಾರೆ. ನಾನೂ ಮೊದಲ ಮೂರು ವರ್ಷ ಅದನ್ನೇ ಮಾಡಿದ್ದೆ. ಆದರೆ ಒಂದು ಸಲ ಆ ಹುಡುಗನ ಜಾಗದಲ್ಲಿ ಕೂತು ನೋಡಿ. ಐದಾರು ವರ್ಷ ಶಾಲೆಯಲ್ಲಿ ದಿನಾ ಅವನಿಗೆ ಬರದಿರುವುದನ್ನೇ ಎಲ್ಲರ ಮುಂದೆ ಕೇಳಿದ್ದಾರೆ. ಅದರಿಂದ ತಪ್ಪಿಸಿಕೊಂಡು ಗ್ಯಾರೇಜಿಗೆ ಹೋದ. ಅಲ್ಲಿ ಅವನಿಗೆ ಒಂದು ಹೆಸರಿದೆ. ಗಿರಾಕಿ ಅವನನ್ನೇ ಕರೆದು ಗಾಡಿ ತೋರಿಸುತ್ತಾನೆ. ಸಂಜೆ ನಿಮ್ಮ ಬೆಂಚಿಗೆ ಬಂದರೆ ಮತ್ತೆ ಅದೇ ಹಾಳೆ. ಬರೆದು ತಪ್ಪಾದರೆ 'ದಡ್ಡ'. ಹರಿದು ಹಾಕಿದರೆ 'ಸಿಟ್ಟಿನವನು'. ಹದಿನಾರು ವರ್ಷದ ಹುಡುಗ ಎರಡನೆಯದನ್ನೇ ಆರಿಸಿಕೊಳ್ಳುತ್ತಾನೆ. ಮರ್ಯಾದೆ ಉಳಿಸಿಕೊಳ್ಳುವ ಲೆಕ್ಕದಲ್ಲಿ ಅವನು ತಪ್ಪಿಲ್ಲ.

ತಲೆಗೆ ಹತ್ತುವುದಿಲ್ಲ ಅನ್ನುವ ಮಾತಿನ ಬಗ್ಗೆಯೂ ಸ್ವಲ್ಪ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ ಇದೆ. 2023ರಲ್ಲಿ ಅದರಲ್ಲಿ 14ರಿಂದ 18 ವರ್ಷದ ಹಳ್ಳಿ ಮಕ್ಕಳಿಗೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಕೊಟ್ಟಿದ್ದರು. ಸರಿ ಮಾಡಿದವರು ನೂರಕ್ಕೆ 43.3. ಆ ಮಕ್ಕಳಲ್ಲಿ ಹೆಚ್ಚಿನವರು ಶಾಲೆ ಕಾಲೇಜಿಗೆ ಹೋಗುತ್ತಿರುವವರೇ! ಅಂದರೆ ನಿಮ್ಮ ಹನ್ನೊಂದು ಮಂದಿ ಎಲ್ಲರಿಗಿಂತ ಹಿಂದೆ ಇದ್ದಾರೆ ಅಂದುಕೊಳ್ಳಬೇಡಿ. ಈ ಸಂಖ್ಯೆಯನ್ನು ಅವರಿಗೂ ಹೇಳಿ.

ಹಾಗಾದರೆ ಎಲ್ಲಿಂದ ಶುರು? ಅವರು ಈಗಾಗಲೇ ಮಾಡುತ್ತಿರುವ ಲೆಕ್ಕದಿಂದ. ಇದನ್ನು ಎಲ್ಲರೂ ಹೇಳುತ್ತಾರೆ, ಅಲ್ವಾ? ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. 'ಜೀವನಕ್ಕೆ ಹತ್ತಿರದ ಉದಾಹರಣೆ ಕೊಡಿ' ಅಂದುಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಗದಗದ ಕಡೆ ಇದ್ದಾಗ ನಡೆದದ್ದು ಹೇಳುತ್ತೇನೆ ಕೇಳಿ.

ಕಾಯಿಪಲ್ಲೆ ಮಾರುವ ಒಬ್ಬ ಹುಡುಗ ಇದ್ದ. 63 ರೂಪಾಯಿ ವ್ಯಾಪಾರ, ಗಿರಾಕಿ 200 ಕೊಟ್ಟರು ಅಂದರೆ ಕಣ್ಣು ಮಿಟುಕಿಸುವುದರೊಳಗೆ 137 ವಾಪಸ್ ಕೊಡುತ್ತಿದ್ದ. ಅದೇ ಲೆಕ್ಕವನ್ನು ಕಾಗದದ ಮೇಲೆ 200ರ ಕೆಳಗೆ 63 ಬರೆದು ಕಳೆಯಲು ಹೇಳಿದೆ. ಉತ್ತರ ಬಂತು 263. ಸೊನ್ನೆಯಲ್ಲಿ ಮೂರು ಹೋಗುವುದಿಲ್ಲ, ಅದಕ್ಕೇ ಮೂರರಲ್ಲಿ ಸೊನ್ನೆ ಕಳೆದಿದ್ದ. ಆರರಲ್ಲಿ ಸೊನ್ನೆ ಕಳೆದಿದ್ದ. ಎರಡು ಹಾಗೇ ಇಳಿಸಿದ್ದ. 'ಇನ್ನೂರು ಕೊಟ್ಟವರಿಗೆ ಇನ್ನೂರ ಅರವತ್ತಮೂರು ವಾಪಸ್ ಕೊಡ್ತೀಯಾ?' ಅಂತ ಕೇಳಿದೆ. ನನ್ನನ್ನೇ ವಿಚಿತ್ರವಾಗಿ ನೋಡಿ, 'ಅದು ಅಂಗಡ್ಯಾಗ್ರಿ, ಇದು ಸಾಲ್ಯಾಗ್ರಿ' ಅಂದ.

ಆ ಹುಡುಗನ ಮಾತೇ ಈ ಉತ್ತರದ ತಿರುಳು. ಅವನ ತಲೆಯಲ್ಲಿ ಎರಡು ಬೇರೆ ಬೇರೆ ಕೋಣೆಗಳಿದ್ದವು. ಒಂದರಲ್ಲಿ ಲೆಕ್ಕ, ಇನ್ನೊಂದರಲ್ಲಿ ಗಣಿತ. ನಡುವೆ ಬಾಗಿಲಿರಲಿಲ್ಲ.

ಬ್ರೆಜಿಲ್‌ನ ರೆಸಿಫೆ ಊರಿನಲ್ಲಿ ಇದನ್ನೇ ಅಳೆದು ನೋಡಿದ್ದಾರೆ. ಸಂಶೋಧಕಿ ತೆರೆಜಿನ್ಯಾ ನೂನೆಸ್ ಮತ್ತು ಜೊತೆಗಾರರು 1985ರಲ್ಲಿ ಪ್ರಕಟಿಸಿದ ಕೆಲಸ ಅದು. ಬೀದಿಯಲ್ಲಿ ಮಾರುವ ಐದು ಮಕ್ಕಳ ಹತ್ತಿರ ಗಿರಾಕಿಗಳಂತೆ ಹೋಗಿ ಲೆಕ್ಕ ಕೇಳಿದರು. ನೂರಕ್ಕೆ 98 ಸರಿ. ಆಮೇಲೆ ಅದೇ ಸಂಖ್ಯೆಗಳನ್ನು ಶಾಲೆಯಂತೆ ಬರೀ ಅಂಕಿಗಳ ಲೆಕ್ಕವಾಗಿ ಕೊಟ್ಟರೆ ಸರಿ ಬಂದದ್ದು ನೂರಕ್ಕೆ 37ರಷ್ಟು. ಒಂದು ತೆಂಗಿನಕಾಯಿಗೆ 35, ಹತ್ತಕ್ಕೆ ಎಷ್ಟು ಅಂದಾಗ ಒಬ್ಬ ಹುಡುಗ 'ಮೂರಕ್ಕೆ 105, ಇನ್ನು ಮೂರು ಸೇರಿದರೆ 210' ಅಂತ ಕೂಡುತ್ತಾ 350ಕ್ಕೆ ಬಂದ. 35ರ ಕೊನೆಗೆ ಸೊನ್ನೆ ಹಚ್ಚುವುದು ಅವನ ದಾರಿ ಆಗಿರಲಿಲ್ಲ. ನಮ್ಮಲ್ಲೂ ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳ 1,400ಕ್ಕೂ ಹೆಚ್ಚು ಮಕ್ಕಳನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ನೋಡಿದ್ದಾರೆ. 2025ರಲ್ಲಿ ಅದು ಪ್ರಕಟವಾಯಿತು. ವ್ಯಾಪಾರದಲ್ಲಿ ಚುರುಕಾದ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಎಡವಿದರು. ಶಾಲೆಗೆ ಹೋಗುವ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಎಡವಿದರು. ಎರಡು ಕಡೆಯೂ ದಾಟು ಸಿಕ್ಕಿರಲಿಲ್ಲ.

ಹಾಗಾಗಿ ನಿಮ್ಮ ಕೆಲಸ ಆ ಬಾಗಿಲು ಕೊರೆಯುವುದು. ಅದು ತಾನಾಗೇ ಆಗುವುದಿಲ್ಲ, ಪ್ರತಿ ಪಾಠದಲ್ಲೂ ಬೇಕೆಂದೇ ಮಾಡಬೇಕು.

ಆ 63 ಮತ್ತು 200ರ ಲೆಕ್ಕವನ್ನೇ ತಗೊಳ್ಳಿ. ಹುಡುಗನಿಗೆ ಬಾಯಲ್ಲಿ ಮಾಡಲು ಹೇಳಿ, ಹೇಗೆ ಮಾಡಿದೆ ಅಂತ ಕೇಳಿ. '63ಕ್ಕೆ ಏಳು ಹಾಕಿದರ ಎಪ್ಪತ್ತು, ಮೂವತ್ತು ಹಾಕಿದರ ನೂರು, ಇನ್ನೊಂದು ನೂರು' ಅನ್ನುತ್ತಾನೆ. ಅವನು ಹೇಳುತ್ತಿರುವಾಗಲೇ ನೀವು ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆಯಿರಿ. ಮೇಲೆ 63, 70, 100, 200 ಗುರುತು ಮಾಡಿ, ನಡುವೆ ಜಿಗಿತ ಬರೆಯಿರಿ: 7, 30, 100. ಕೂಡಿದರೆ 137. ಇದು ನಿನ್ನದೇ ದಾರಿ, ನಾನು ಬರೆದೆ ಅಷ್ಟೇ ಅನ್ನಿ. ಹಾಲೆಂಡ್‌ನ ಶಾಲೆಗಳಲ್ಲಿ ಈ ಖಾಲಿ ಗೆರೆಯನ್ನು ಸಣ್ಣ ಮಕ್ಕಳಿಗೇ ಕಲಿಸುತ್ತಾರೆ. ಅದನ್ನೂ ಹೇಳಿ. ತನ್ನ ದಾರಿಗೆ ಎಲ್ಲೋ ಮರ್ಯಾದೆ ಇದೆ ಅಂತ ಗೊತ್ತಾದರೆ ಹುಡುಗನ ಬೆನ್ನು ನೆಟ್ಟಗಾಗುತ್ತದೆ.

ಒಂದೆರಡು ವಾರ ಗೆರೆಯ ಮೇಲೆ ಆಡಿದ ನಂತರವೇ ಒಂದರ ಕೆಳಗೊಂದು ಬರೆದು ಕಳೆಯುವುದಕ್ಕೆ ಬನ್ನಿ. ಅಲ್ಲಿ 'ಪಕ್ಕದ ಮನೆಯಿಂದ ಸಾಲ ತಗೋ' ಅನ್ನುವ ಮಾತನ್ನು ದಯವಿಟ್ಟು ಬಿಡಿ. ನನಗೆ ಆ ಮಾತು ಕಂಡರೆ ಆಗುವುದಿಲ್ಲ. ಆ ಸಾಲವನ್ನು ಯಾರೂ ಯಾವತ್ತೂ ತೀರಿಸುವುದಿಲ್ಲ! ಸಾಲದ ಬಿಸಿ ಗೊತ್ತಿರುವ ಮಕ್ಕಳಿಗೆ ಅದು ಅರ್ಥವೇ ಆಗುವುದಿಲ್ಲ. 'ಚಿಲ್ಲರೆ ಮಾಡಿಸು' ಅನ್ನಿ. ನೂರರ ಎರಡು ನೋಟಿನಲ್ಲಿ ಒಂದನ್ನು ಚಿಲ್ಲರೆ ಮಾಡಿಸಿದರೆ ಹತ್ತು ಹತ್ತರ ನೋಟು. ಅದರಲ್ಲಿ ಒಂದನ್ನು ಮತ್ತೆ ಚಿಲ್ಲರೆ ಮಾಡಿಸಿದರೆ ಹತ್ತು ಒಂದು ರೂಪಾಯಿ ನಾಣ್ಯ. ಈಗ ಕೈಯಲ್ಲಿ ಒಂದು ನೂರು, ಒಂಬತ್ತು ಹತ್ತು, ಹತ್ತು ಒಂದು. ಅದರಿಂದ ಆರು ಹತ್ತು, ಮೂರು ಒಂದು ತೆಗೆದರೆ 137. ಕಾಗದದ ನೋಟು ಮಾಡಿಕೊಂಡು ಕೈಯಲ್ಲೇ ಮಾಡಿಸಿ. ಎರಡು ಉತ್ತರವೂ ಒಂದೇ ಬಂದಾಗ ಮಕ್ಕಳ ಮುಖ ನೋಡಿ. ಇಲ್ಲಿ ಅವಸರ ಬೇಡ. ನಾನು ಅವಸರ ಮಾಡಿದಾಗಲೆಲ್ಲ 263 ವಾಪಸ್ ಬಂದಿದೆ.

ಖಾನಾವಳಿ ಹುಡುಗಿಯ ಕಡೆ ಬರೋಣ. ಒಂದು ರೊಟ್ಟಿಗೆ 12 ರೂಪಾಯಿ, 18 ರೊಟ್ಟಿಗೆ ಎಷ್ಟು ಅಂತ ಕೇಳಿದರೆ 'ಹತ್ತಕ್ಕ ನೂರಿಪ್ಪತ್ತು, ಎಂಟಕ್ಕ ತೊಂಬತ್ತಾರು' ಅಂತ ಅವಳು ಒಡೆದುಕೊಳ್ಳುತ್ತಾಳೆ. ಈ ಒಡೆಯುವುದೇ ಚಿನ್ನ. ಒಂದು ಆಯತ ಬರೆಯಿರಿ. ಒಂದು ಬದಿ 18, ಅದನ್ನು 10 ಮತ್ತು 8 ಅಂತ ಒಡೆಯಿರಿ. ಇನ್ನೊಂದು ಬದಿ 12, ಅದು 10 ಮತ್ತು 2. ಒಳಗೆ ನಾಲ್ಕು ಮನೆ ಆಗುತ್ತವೆ: 100, 80, 20, 16. ಒಟ್ಟು 216. ಮಗ್ಗಿ ಬಾರದ ಮಕ್ಕಳೂ ಎರಡು ವಾರದಲ್ಲಿ ಎರಡಂಕಿ ಗುಣಾಕಾರಕ್ಕೆ ಬರುತ್ತಾರೆ, ಏಕೆಂದರೆ ಪ್ರತಿ ಮನೆಯ ಗುಣಾಕಾರವೂ ಸಣ್ಣದು.

ಇನ್ನು ಸ್ವಲ್ಪ ದಿನ ಬಿಟ್ಟು ಅದೇ ಆಯತದಲ್ಲಿ 10 ಇದ್ದ ಕಡೆಯೆಲ್ಲ ಎಕ್ಸ್ ಬರೆಯಿರಿ. ಒಂದು ಬದಿ ಎಕ್ಸ್ ಮತ್ತು 8, ಇನ್ನೊಂದು ಬದಿ ಎಕ್ಸ್ ಮತ್ತು 2. ಒಳಗಿನ ನಾಲ್ಕು ಮನೆ: ಎಕ್ಸ್ ವರ್ಗ, 8 ಎಕ್ಸ್, 2 ಎಕ್ಸ್, 16. ಕೂಡಿದರೆ ಎಕ್ಸ್ ವರ್ಗ, 10 ಎಕ್ಸ್, 16. ನೀವೀಗ ಬೀಜಗಣಿತದಲ್ಲಿ ಇದ್ದೀರಿ, ಯಾರೂ ಓಡಿಹೋಗಿಲ್ಲ! ಅಪವರ್ತನ ಅನ್ನುವುದು ಇದೇ ಆಯತವನ್ನು ಹಿಂದುಮುಂದಾಗಿ ಓದುವುದು. ಒಳಗಿನದು ಕೊಟ್ಟಿದ್ದಾರೆ, ಬದಿಗಳನ್ನು ಹುಡುಕು. ಕೂಡಿದರೆ 10, ಗುಣಿಸಿದರೆ 16 ಆಗುವ ಎರಡು ಸಂಖ್ಯೆ ಯಾವುವು? ಒಂದು ಚಿತ್ರದಲ್ಲಿ ರೊಟ್ಟಿಯಿಂದ ಹತ್ತನೇ ತರಗತಿವರೆಗೆ ಹೋಗಬಹುದು. ಎಂಟನೇ ತರಗತಿ ಪುಸ್ತಕ ಮುಗಿಸಿ, ಒಂಬತ್ತು ಮುಗಿಸಿ, ಆಮೇಲೆ ಹತ್ತಕ್ಕೆ ಬರುತ್ತೇನೆ ಅಂತ ಹೊರಟರೆ ಮಕ್ಕಳು ದಾರಿಯಲ್ಲೇ ಕಳೆದುಹೋಗುತ್ತಾರೆ. ಪುಸ್ತಕದ ಕ್ರಮ ಬಿಡಿ. ಹೀಗೆ ಉದ್ದಕ್ಕೂ ಬರುವ ಎರಡು ಮೂರು ಚಿತ್ರ ಹಿಡಿದುಕೊಳ್ಳಿ.

ದಶಮಾಂಶಕ್ಕೆ ತೂಕದ ಯಂತ್ರ ಸಾಕು. ಅದು ಸಾಮಾನ್ಯವಾಗಿ ಚುಕ್ಕೆಯ ನಂತರ ಮೂರು ಅಂಕಿ ತೋರಿಸುತ್ತದೆ: 1.050, 1.500. ಯಾವುದು ಜಾಸ್ತಿ ಅಂತ ಅಂಗಡಿಯಲ್ಲಿ ಯಾರಿಗೂ ಗೊಂದಲವಿಲ್ಲ. ಪುಸ್ತಕ ಕೊನೆಯ ಸೊನ್ನೆಗಳನ್ನು ಕಿತ್ತು 1.05, 1.5 ಅಂತ ಬರೆಯುತ್ತದೆ. ಆಗ ಮಕ್ಕಳು ಐದಕ್ಕಿಂತ ಸೊನ್ನೆ ಐದು ದೊಡ್ಡದು ಅನ್ನುತ್ತಾರೆ. ಸೊನ್ನೆ ಹಾಕಿ ಯಂತ್ರದ ತರಹ ಬರೆದುಕೋ ಅನ್ನಿ, ಮುಗಿಯಿತು. ನಿಮ್ಮ ಕಡೆ ಕಾಲು ಕೆಜಿಗೆ ಪಾವ್ ಕೆಜಿ ಅನ್ನುತ್ತಾರೆ. ಭಿನ್ನರಾಶಿಯ ಪಾಠದಲ್ಲಿ ಅದನ್ನೇ ಬಳಸಿ. ನಮ್ಮ ಮೈಸೂರು ಕಡೆ ಪಾವು ಅಂದರೆ ಅಕ್ಕಿ ಅಳೆಯುವ ಪಾತ್ರೆ, ನಾಲ್ಕು ಪಾವಿಗೆ ಒಂದು ಸೇರು. ಲೆಕ್ಕ ಮಾತ್ರ ಅದೇ ಕಾಲು.

ಮಕ್ಕಳು ಯಾವ ಭಾಷೆಯಲ್ಲಿ ಎಣಿಸುತ್ತಾರೆ ಅಂತಲೂ ಗಮನಿಸಿ. ಹುಬ್ಬಳ್ಳಿಯಲ್ಲಿ ಅರ್ಧ ತರಗತಿ ಉರ್ದುವಿನಲ್ಲಿ ಎಣಿಸಿದರೂ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಐವತ್ತೊಂಬತ್ತು ಅಂದರೆ ಐವತ್ತು ಕಿವಿಗೆ ಕೇಳಿಸುತ್ತದೆ. ಉರ್ದುವಿನ ಉನ್‌ಸಠ್‌ನಲ್ಲಿ ಕೇಳಿಸುವುದು ಅರವತ್ತು, ಅಂದರೆ ಅರವತ್ತಕ್ಕೆ ಒಂದು ಕಮ್ಮಿ. ಉರ್ದುವಿನಲ್ಲಿ ಎಣಿಸುವ ಹುಡುಗ 59ರ ಬದಲು 69 ಬರೆದರೆ ಅವನಿಗೆ ಲೆಕ್ಕ ಬಾರದೆ ಅಲ್ಲ, ಭಾಷೆ ದಾಟುವಾಗ ಕಾಲು ಜಾರಿತು. ಅವನು ತನ್ನ ಭಾಷೆಯಲ್ಲೇ ಎಣಿಸಲಿ, ಬರೆದ ಮೇಲೆ ಮಾತ್ರ ಕನ್ನಡದಲ್ಲಿ ಒಮ್ಮೆ ಓದಿಸಿ.

ಮಗ್ಗಿ ಕೇಳಿದಿರಿ. ಸಾಲಾಗಿ ನಿಲ್ಲಿಸಿ ಒಪ್ಪಿಸುವುದು ಬೇಡ. ಎರಡು, ಐದು, ಹತ್ತು ಎಲ್ಲರಿಗೂ ಬರುತ್ತದೆ. ಎರಡರದನ್ನು ಇಮ್ಮಡಿ ಮಾಡಿದರೆ ನಾಲ್ಕರದು, ಅದನ್ನು ಇಮ್ಮಡಿ ಮಾಡಿದರೆ ಎಂಟರದು. ಏಳು ನಾಲ್ಕು 28 ಗೊತ್ತಿದ್ದರೆ ಏಳೆಂಟು 56 ಸಿಕ್ಕಿತು. ಹತ್ತರದರಲ್ಲಿ ಒಂದು ಸಲ ಕಳೆದರೆ ಒಂಬತ್ತರದು. ಉಳಿದದ್ದು ಬಾಯಿಗೆ ಬರುವವರೆಗೆ ಗೋಡೆಯ ಮೇಲೆ ದೊಡ್ಡ ಪಟ್ಟಿ ತೂಗುಹಾಕಿ. ನೋಡಿ ಬರೆಯಲು ಬಿಡಿ. ನೋಡಿ ನೋಡಿ ಬೇಜಾರಾಗಿ ತಾವೇ ಕಲಿಯುತ್ತಾರೆ.

ನೋಟ್‌ಬುಕ್ಕಿನ ಬದಲು ಮೊದಲ ತಿಂಗಳು ಪಾಟಿ (ಸ್ಲೇಟು) ಕೊಡಿ. ಹದಿನಾರು ವರ್ಷದವರಿಗೆ ಪಾಟಿಯೇ ಅಂತ ನಗಬೇಡಿ. ತಪ್ಪಾದರೆ ಕೈಯಲ್ಲಿ ಒರೆಸಿದರೆ ಹೋಯಿತು, ಯಾರಿಗೂ ಗೊತ್ತಾಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ತಪ್ಪು ಕೆಂಪು ಇಂಕಿನ ಜೊತೆ ಹಾಗೇ ಉಳಿಯುತ್ತದೆ. ಇನ್ನೊಂದು, ಆಯಾ ದಿನದ ಪಾಠ ಆ ದಿನವೇ ಮುಗಿಯಬೇಕು. ನಿಮ್ಮ ಮಕ್ಕಳು ದಿನಾ ಬರುವುದಿಲ್ಲ. ಹಬ್ಬದ ವ್ಯಾಪಾರ, ಊರ ಜಾತ್ರೆ, ಮನೆಯಲ್ಲಿ ಯಾರಿಗೋ ಜ್ವರ. 'ನಿನ್ನೆ ಹೇಳಿದ್ದೆನಲ್ಲ' ಅನ್ನುವ ಮಾತು ಬಂದರೆ ನಿನ್ನೆ ಬಾರದವನು ನಾಳೆಯೂ ಬರುವುದಿಲ್ಲ.

ನನ್ನ ಎರಡು ತಪ್ಪುಗಳನ್ನು ಹೇಳಲೇಬೇಕು. ಒಂದು, ಹೂ ಮಾರುವ ಹುಡುಗನ ಮುಂದೆ ಆಟದ ಅಂಗಡಿ ಹೂಡಿದ್ದೆ. ರಟ್ಟಿನ ತಕ್ಕಡಿ, ಪ್ಲಾಸ್ಟಿಕ್ ಹೂವು. ಬೆಳಿಗ್ಗೆ ನಾಲ್ಕಕ್ಕೆದ್ದು ನಿಜವಾದ ವ್ಯಾಪಾರ ಮಾಡಿ ಬಂದವನಿಗೆ ಅದು ಅವಮಾನ. ಎರಡನೆಯದು ಇನ್ನೂ ಚುಚ್ಚುತ್ತದೆ. ನಿಜ ಜೀವನದ ಲೆಕ್ಕ ಅಂತ ಒಬ್ಬ ಹುಡುಗಿಯ ಮನೆಯ ವಾರದ ಬಟವಾಡೆ, ಖರ್ಚು, ಸಾಲವನ್ನು ಕೇಳಿ ಬೋರ್ಡಿನ ಮೇಲೆ ಬರೆದೆ. ಕೊನೆಗೆ ಉಳಿದದ್ದು ಸೊನ್ನೆಗಿಂತ ಕೆಳಗೆ. ಲೆಕ್ಕ ಸರಿಯಾಗಿಯೇ ಇತ್ತು. ಅವಳು ಒಂದು ವಾರ ಬರಲಿಲ್ಲ. ಅವರ ಕೆಲಸದ ಲೆಕ್ಕ ತರಗತಿಗೆ ತರಬಹುದು, ಅವರ ಮನೆಯ ಲೆಕ್ಕವನ್ನಲ್ಲ. ಹಾಗೇ ಅವರ ಲೆಕ್ಕದ ಜಾಣತನವನ್ನು ಹೊಗಳುವ ಭರದಲ್ಲಿ, ಆ ವಯಸ್ಸಿಗೆ ದುಡಿಯುವುದನ್ನೇ ಹೊಗಳಿಬಿಡಬೇಡಿ.

ಋಣ ಸಂಖ್ಯೆಗೆ ಉದ್ರಿ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಹೆಸರೇ ಋಣ ತಾನೇ? ಕ್ರಿ.ಶ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ನಿಯಮ ಬರೆದಾಗಲೂ ಧನ, ಋಣ ಅಂತಲೇ ಕರೆದದ್ದು. ಕೂಡುವುದು ಕಳೆಯುವುದಕ್ಕೆ ಯಾವುದಾದರೂ ಕಲ್ಪನೆಯ ಅಂಗಡಿಯ ಉದ್ರಿ ಸಾಕು. ಆದರೆ ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗೆ ಅನ್ನುವುದಕ್ಕೆ ಅಂಗಡಿ ಉದಾಹರಣೆ ಎಳೆದಾಡಬೇಡಿ. ಅಲ್ಲಿ ಸಂಖ್ಯೆಗಳ ಸಾಲನ್ನೇ ತೋರಿಸಿ. ಋಣ ಎರಡನ್ನು ಮೂರರಿಂದ, ಎರಡರಿಂದ, ಒಂದರಿಂದ, ಸೊನ್ನೆಯಿಂದ ಗುಣಿಸುತ್ತಾ ಬನ್ನಿ. ಉತ್ತರ ಋಣ 6, ಋಣ 4, ಋಣ 2, ಸೊನ್ನೆ. ಪ್ರತಿ ಸಲ ಎರಡು ಮೇಲಕ್ಕೆ. ಮುಂದೆ ಋಣ ಒಂದರಿಂದ ಗುಣಿಸಿದರೆ? ಮಕ್ಕಳೇ 'ಎರಡು' ಅನ್ನುತ್ತಾರೆ.

ಎಲ್ಲವನ್ನೂ ಸಂತೆಗೆ ಕಟ್ಟಿಹಾಕಬೇಕಿಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಮೂರಂಕಿಯ ಸಂಖ್ಯೆ ಒಂದು ತಗೊಳ್ಳಿ, ಮೊದಲ ಮತ್ತು ಕೊನೆಯ ಅಂಕಿ ಬೇರೆ ಇರಲಿ. ಉದಾಹರಣೆಗೆ 742. ತಿರುಗಿಸಿದರೆ 247. ದೊಡ್ಡದರಲ್ಲಿ ಸಣ್ಣದು ಕಳೆದರೆ 495. ಅದನ್ನೂ ತಿರುಗಿಸಿ ಕೂಡಿದರೆ 1089. ಯಾವ ಸಂಖ್ಯೆಗೂ 1089 ಬರುತ್ತದೆ. ಸುಳ್ಳು ಅಂತ ಸಾಬೀತು ಮಾಡಲು ಹೊರಟ ಹುಡುಗರು ಒಂದು ಸಂಜೆಗೆ ಇಪ್ಪತ್ತು ಕಳೆಯುವ ಲೆಕ್ಕ ಮಾಡಿದ್ದನ್ನು ಕಂಡಿದ್ದೇನೆ, ಯಾರೂ ಹೇಳದೆ. ಕಳೆದಾಗ 99 ಬಂದರೆ 099 ಅಂತ ಬರೆದುಕೊಳ್ಳಬೇಕು. ಮೊದಲಿಗೆ ಬರುವ ಸೊನ್ನೆಗೂ ಒಂದು ಜಾಗ ಇದೆ ಅಂತ ಅಲ್ಲಿ ಸುಮ್ನೆ ತಿಳಿದುಬಿಡುತ್ತದೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಅದೂ 1089 ಚದರ ಅಡಿ! ಇದಕ್ಕೂ ಆ ಆಟಕ್ಕೂ ಸಂಬಂಧವಿಲ್ಲ. ಆದರೂ ಹೊಲ ಇರುವ ಮನೆಯ ಮಕ್ಕಳು ಇದನ್ನು ಮರೆಯುವುದಿಲ್ಲ.

ವಿಡಿಯೋ ವಿಷಯ ಬೇಗ ಹೇಳುತ್ತೇನೆ. ಗುಂಪಾಗಿ ತೋರಿಸಿದರೆ ತಲೆ ಮತ್ತೆ ಬೆಂಚಿನ ಮೇಲೆ. ಪಾಠ ಆದ ಮೇಲೆ ಮನೆಯಲ್ಲಿ ಮತ್ತೊಮ್ಮೆ ನೋಡಬೇಕು ಅನ್ನುವವರಿಗೆ ಕಳಿಸಿ, ಸಾಕು.

ಗ್ಯಾರೇಜಿನ ಹುಡುಗ ವಾಪಸ್ ಬಂದರೆ ಹಾಳೆಯ ಮಾತು ಎತ್ತಬೇಡಿ. ಪಾಟಿ ಕೊಟ್ಟು, ಇಂಚಿನ ಸ್ಪಾನರುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆದುಕೊಡು ಅಂತ ಕೇಳಿ. ಅಂಥ ಸೆಟ್ಟು ಅವನು ಹಿಡಿದಿದ್ದರೆ ಅರ್ಧ, ಹದಿನಾರರಲ್ಲಿ ಒಂಬತ್ತು, ಎಂಟರಲ್ಲಿ ಐದು, ಹದಿನಾರರಲ್ಲಿ ಹನ್ನೊಂದು, ಮುಕ್ಕಾಲು ಅಂತ ಬರೆಯುತ್ತಾನೆ. ಎಂಟರಲ್ಲಿ ಐದು ಹದಿನಾರರಲ್ಲಿ ಒಂಬತ್ತಕ್ಕಿಂತ ದೊಡ್ಡದು ಹೇಗೆ ಅಂತ ಕೇಳಿ. ನಿಜವಾಗಿ ಗೊತ್ತಿಲ್ಲದವರ ಹಾಗೆ ಕೇಳಿ, ಅವನು ಹೇಳಿ ಮುಗಿಸುವವರೆಗೆ ಸುಮ್ಮನಿರಿ.